ಹನ್ನೆರಡನೆಯ ಚೀಟಿ

ಚಳಿಗಾಲ ಕಾಲು ತೆಗೆಯುತ್ತಿದ್ದ ದಿನಗಳು, ಬೆಳಗಿನ ಏಳು ಗಂಟೆ. ಅಕ್ಕನ ಮಂಚದಡಿಯ ತಗಡಿನ ಪೆಟ್ಟಿಗೆಯನ್ನು ತಂಗಿ ಕಾಲಿನಿಂದ ಗೋಡೆಯ ಕಡೆಗೆ ತಳ್ಳುತ್ತಿದ್ದಳು. ತಲೆ ಎತ್ತಿದರೆ ಬಾಗಿಲಲ್ಲಿ ಶಿಕ್ಷಣ ಕಚೇರಿಯ ಹೊಸ ಅಧಿಕಾರಿ ನಿಂತಿದ್ದರು. ಮಂಚದ ಮೇಲೆ, ಬಿಳಿ ಹೊದಿಕೆಯೊಳಗೆ, ಅಕ್ಕ ತಣ್ಣಗೆ ಮಲಗಿದ್ದಳು.

"ದೊಡ್ಡ ನಷ್ಟ," ಎಂದರು ಅಧಿಕಾರಿ. ಕಣ್ಣು ಮಾತ್ರ ಮಂಚದಡಿಗೆ ಹೋಯಿತು. "ಅದೇ ಅಲ್ವಾ ಚೀಟಿ ಪೆಟ್ಟಿಗೆ? ಕಚೇರಿಯದು. ಹೋಗುವಾಗ ತಗೊಂಡು ಹೋಗ್ತೀನಿ. ಅವಸರ ಏನಿಲ್ಲ."

ಅವಸರವಿಲ್ಲ ಎಂದವರು ಹಜಾರದ ಕುರ್ಚಿ ಹಿಡಿದು ಕೂತರು. ತೊಡೆಯ ಮೇಲೆ ಮೇಷ್ಟ್ರುಗಳ ಕಳೆದ ತರಬೇತಿ ಶಿಬಿರದ ಹಾಜರಿ ಪುಸ್ತಕವಿತ್ತು. ಸಾವಿನ ಮನೆಗೆ ಹಾಜರಿ ಪುಸ್ತಕ ಹಿಡಿದು ಬಂದವರನ್ನು ತಂಗಿ ಕಂಡದ್ದು ಅದೇ ಮೊದಲು.

*

ಮೂವತ್ತು ವರ್ಷ ಅಕ್ಕ ಮಾಡಿದ್ದು ಒಂದೇ ಕೆಲಸ: ಲೆಕ್ಕದ ಮೇಷ್ಟ್ರುಗಳಿಗೆ ಲೆಕ್ಕ ಹೇಳಿಕೊಡುವುದು. ಮೊದಲ ಶಿಬಿರದಲ್ಲಿ, ಯಾರಿಗೆ ಯಾವುದು ಅರ್ಥವಾಗಿಲ್ಲ ಎಂದು ಕೇಳಿದಳಂತೆ. ಒಂದು ಕೈಯೂ ಏಳಲಿಲ್ಲ.

"ಎಲ್ಲರೂ ಬೃಹಸ್ಪತಿಗಳೇ ಕಣೆ!" ಎಂದು ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮರುದಿನದಿಂದ ಚೀಟಿ, ಶಿಬಿರಕ್ಕೆ ತಲಾ ಒಂದು. ಹೆಸರು ಬೇಡ, ದಿನಾ ಪಾಠ ಮಾಡುತ್ತೀರಿ, ಆದರೆ ಯಾಕೆ ಹಾಗೆ ಅಂತ ನಿಮಗೇ ಗೊತ್ತಿಲ್ಲ, ಅಂಥದ್ದೊಂದು ಬರೆದು ಪೆಟ್ಟಿಗೆಗೆ ಹಾಕಿ ಎಂದಳು. ಚೀಟಿಯ ಬೆನ್ನಿಗೆ ಉತ್ತರ ಬರೆಯುವ ಮೊದಲು ಅಕ್ಕ ಅದನ್ನು ತಂಗಿಯ ಮೇಲೆ ಪ್ರಯೋಗ ಮಾಡುತ್ತಿದ್ದಳು. ತಂಗಿ ಮೂರನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದು ಹೊಲಿಗೆ ಮಿಷನ್ನಿಗೆ ಕೂತವಳು.

"ಮೂರನ್ನ ಅರ್ಧದಿಂದ ಭಾಗಿಸಿದರೆ ಆರು ಯಾಕೆ ಆಗುತ್ತೆ, ಹೇಳು."

"ನನ್ನ ತಲೆ! ಭಾಗ ಮಾಡಿದರೆ ಕಡಿಮೆ ಆಗಬೇಕಲ್ವಾ?"

"ಮೂರು ಮೀಟರ್ ಬಟ್ಟೆಯಲ್ಲಿ ಅರ್ಧರ್ಧ ಮೀಟರಿನ ತುಂಡು ಎಷ್ಟು ಬರುತ್ತೆ?"

"ಆರು. ಅದನ್ನೂ ಕೇಳಬೇಕಾ?"

"ಅಷ್ಟೇ ಕಣೆ."

ಆ ಚೀಟಿ ಕೊನೆಯ ಶಿಬಿರದ್ದು. 'ಆರು ವರ್ಷದಿಂದ ಭಿನ್ನರಾಶಿಯಿಂದ ಭಾಗಿಸುವಾಗ ತಿರುಗಿಸಿ ಗುಣಿಸಿ ಎಂದು ಮಕ್ಕಳಿಗೆ ಹೇಳುತ್ತಿದ್ದೇನೆ. ಯಾಕೆಂದು ನನಗೆ ಗೊತ್ತಿಲ್ಲ.' ಎಡಗೈಯ ಬರಹ. ಅಕ್ಷರಗಳೆಲ್ಲ ಹಿಂದಕ್ಕೆ ವಾಲಿದ್ದವು. ಇಷ್ಟು ನಿಜವಾದ ಚೀಟಿ ಈ ಸಲ ಇದೊಂದೇ ಎಂದಿದ್ದಳು ಅಕ್ಕ.

*

ಹತ್ತು ಗಂಟೆಗೆ ಅಂಗಳ ಮೇಷ್ಟ್ರುಗಳಿಂದ ತುಂಬಿತು. ಅಳುವವರೂ ಒಂದು ಕಣ್ಣನ್ನು ಹಜಾರದ ಕುರ್ಚಿಯ ಮೇಲಿಟ್ಟೇ ಅಳುತ್ತಿದ್ದರು.

"ಕೊನೆಯ ಶಿಬಿರದಲ್ಲಿದ್ದ ಹನ್ನೆರಡೂ ಜನ ಗುತ್ತಿಗೆಯವರು. ಒಂದು ಹುದ್ದೆ ಕಡಿತವಂತೆ," ಎಂದು ಬೋಳುತಲೆಯ ಹೆಡ್ ಮಾಸ್ತರು ತಂಗಿಯ ಕಿವಿಯಲ್ಲಿ ಪಿಸುಗುಟ್ಟಿದರು. "ಯಾರಿಗೆ ಲೆಕ್ಕ ಬರಲ್ಲ ಅಂತ ಹುಡುಕ್ತಿದಾನೆ ಪುಣ್ಯಾತ್ಮ."

"ಚೀಟೀಲಿ ಹೆಸರೇ ಇಲ್ವಲ್ಲ?"

"ಹಾಜರಿ ಪುಸ್ತಕದಲ್ಲಿ ಎಲ್ಲರ ಕೈಬರಹ ಇದೆಯಲ್ಲಮ್ಮ. ಪಕ್ಕಪಕ್ಕ ಇಟ್ಟು ನೋಡಿದ್ರೆ ಮುಗೀತು."

ಎಡಗೈ ಟೀಚರ್ ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡು ಅಡುಗೆಮನೆಗೆ ಬಂದಳು. ಅಕ್ಕ ಹಾಸಿಗೆ ಹಿಡಿದ ಮೇಲೆ ಪ್ರತಿ ಸಂಜೆ ಬಂದು ಔಷಧಿ ಕುಡಿಸಿ ಹೋಗುತ್ತಿದ್ದವಳು ಇವಳೊಬ್ಬಳೇ. ಗಂಡನಿಗೆ ವರ್ಷದಿಂದ ಕೆಲಸವಿಲ್ಲ.

"ಚಿಕ್ಕಕ್ಕ, ನನ್ನ ಅಕ್ಷರ ಕುರುಡರೂ ಗುರುತು ಹಿಡೀತಾರೆ."

"ಸುಮ್ಮನಿರು. ನಾನಿದೀನಲ್ಲ."

ಪೆಟ್ಟಿಗೆಯನ್ನೇ ಬಚ್ಚಿಟ್ಟರೆ ಮನೆ ಜಾಲಾಡಿಸುತ್ತಾರೆ. ಒಂದು ಚೀಟಿ ಹೋದರೆ ಯಾರಿಗೆ ತಿಳಿದೀತು? ಕೋಣೆಯಲ್ಲಿ ಅಕ್ಕನೊಬ್ಬಳೇ ಉಳಿದ ಹೊತ್ತು ನೋಡಿ ತಂಗಿ ಪೆಟ್ಟಿಗೆ ತೆರೆದಳು. ಕೊನೆಯ ಕಟ್ಟಿನಲ್ಲಿ ವಾಲಿದ ಅಕ್ಷರ ಹುಡುಕಲು ಹೆಚ್ಚು ಓದು ಬೇಕಿರಲಿಲ್ಲ. ಚೀಟಿಯನ್ನು ಕುಪ್ಪಸದೊಳಗೆ ಸೇರಿಸಿ, ಉಳಿದವನ್ನು ಮೊದಲಿನಂತೆ ದಾರ ಸುತ್ತಿ ಕಟ್ಟಿ, ಪೆಟ್ಟಿಗೆಯನ್ನು ತಾನೇ ಹೊತ್ತು ಅಧಿಕಾರಿಯ ಮುಂದಿಟ್ಟಳು. ಎದೆ ಹಗುರಾಗಿತ್ತು.

ಅಧಿಕಾರಿ ಕಟ್ಟು ಬಿಚ್ಚಿ ಒಂದೊಂದನ್ನೇ ಗಟ್ಟಿಯಾಗಿ ಓದಿದರು. "ಸಂದೇಹಗಳಿಲ್ಲ." "ಎಲ್ಲ ತಿಳಿದಿದೆ." "ಶಿಬಿರ ಉತ್ತಮವಾಗಿತ್ತು." ಓದಿದ್ದನ್ನು ಪುಸ್ತಕದ ಪಕ್ಕ ಹಿಡಿಯುವುದು, ಬರಹ ಹೊಂದಿದ ಹೆಸರಿಗೆ ಗೀಟು ಹಾಕುವುದು.

"ಎಲ್ಲರೂ ಜಾಣರೇ," ಎಂದು ನಕ್ಕರು. ಹೊರಗೆ ಅಕ್ಕನನ್ನು ಎತ್ತುತ್ತಿದ್ದರು. "ನಿಧಾನ, ಮೆಟ್ಟಿಲಿದೆ," ಎಂದು ಯಾರೋ ಕೂಗಿದರು. "ಹನ್ನೆರಡು ಹೆಸರು, ಹನ್ನೊಂದು ಚೀಟಿ. ಕಳೀರಿ ನೋಡೋಣ, ಅಮ್ಮ."

ತಂಗಿ ಕಳೆದಳು. ಮೂರನೇ ಕ್ಲಾಸಿನವರಿಗೂ ಬರುವ ಲೆಕ್ಕ. ಹನ್ನೊಂದು ಹೆಸರಿಗೆ ಹನ್ನೊಂದು ಗೀಟು ಬಿದ್ದಿತ್ತು. ಉಳಿದ ಒಂದು ಹೆಸರಿನ ಮೇಲೆ ಅಧಿಕಾರಿಯ ಬೆರಳಿತ್ತು.

"ಈಯಮ್ಮ ಏನು ಬರೆದಿದ್ರೋ. ತೆಗೆದು ಬಚ್ಚಿಡುವಷ್ಟು ಕೆಟ್ಟದಿರಬೇಕು."

ಕುಪ್ಪಸದೊಳಗೆ ಕಾಗದ ಚುಚ್ಚುತ್ತಿತ್ತು. ತೆಗೆದುಕೊಟ್ಟರೆ ಬರಹ ಹೇಳುತ್ತದೆ, ಕೊಡದಿದ್ದರೆ ಆ ಬೆರಳು ಹೇಳುತ್ತದೆ. ಅಷ್ಟರಲ್ಲಿ ಅಕ್ಕ ಅಂಗಳ ದಾಟಿದ್ದಳು.

ಅಕ್ಕ ಮನೆ ಬಿಟ್ಟದ್ದು ಆ ಗುರುವಾರ. ಕೆಲಸ ಹೋದ ಎಡಗೈ ಟೀಚರ್ ಊರು ಬಿಟ್ಟದ್ದು ಮುಂದಿನ ಸೋಮವಾರ. ಸಾಮಾನಿನ ಗಾಡಿಯನ್ನು ಅವಳು ಈ ಮನೆಯ ಮುಂದೆ ಒಂದು ಗಳಿಗೆ ನಿಲ್ಲಿಸಿದಳು. ಪಾತ್ರೆ, ಹಾಸಿಗೆಗಳ ಮೇಲೆ, ಕಪ್ಪು ಹಲಗೆಗೆ ಬಳಸುವ ಮರದ ಕೈವಾರವೊಂದು ಕಾಲು ಅಗಲಿಸಿಕೊಂಡು ಬಿದ್ದಿತ್ತು.

"ಯಾರು ಏನೇ ಅಂದ್ರೂ ನನ್ನ ಚೀಟಿ ಕೊಡಲಿಲ್ಲ ನೀವು. ಈ ಜನ್ಮದಲ್ಲಿ ಮರೆಯಲ್ಲ, ಚಿಕ್ಕಕ್ಕ," ಎಂದು ಮೇಲಿನಿಂದ ಕೂಗಿ, ಮಗುವಿನ ಕೈ ಹಿಡಿದು ಬೀಸಿಸಿದಳು.

ಗಾಡಿ ತಿರುವು ದಾಟುವವರೆಗೂ ಮಗು ಕೈ ಬೀಸುತ್ತಲೇ ಇತ್ತು. ತಂಗಿಯ ಕೈ ಬಾಗಿಲ ಚಿಲಕ ಬಿಟ್ಟು ಏಳಲಿಲ್ಲ.