ತಡೆ ಮತ್ತು ನಿಲ್ಲಿಸು

ಅತ್ತಿಗೆಗೆ ಯಂತ್ರಗಳ ಕೈಪಿಡಿ ಬರೆಯುವ ಕೆಲಸ, ನಾದಿನಿಗೆ ನರ್ಸ್ ಕೆಲಸ. ಇಬ್ಬರೂ ಒಂದೇ ಮನೆಯಲ್ಲಿದ್ದರು. ಒಂದು ವಸ್ತುವಿಗೆ ಒಂದೇ ಹೆಸರಿರಬೇಕೆಂಬುದು ಅತ್ತಿಗೆಯ ಹಟ. “ಅತ್ತಿಗೆ, ನೀರು ಲೋಟದಲ್ಲಿ ಕೊಡ್ಲಾ, ಗ್ಲಾಸಲ್ಲಿ ಕೊಡ್ಲಾ?” ಎಂದು ನಾದಿನಿ ಕಾಲೆಳೆಯುತ್ತಿದ್ದಳು.

ಅತ್ತಿಗೆಯ ಕಂಪನಿ ರೋಗಿಯ ನರಕ್ಕೆ ಔಷಧಿ ಹರಿಸುವ ಯಂತ್ರದ ಸಾಫ್ಟ್‌ವೇರ್ ಮಾಡುತ್ತಿತ್ತು. ಪರದೆಯ ಮೇಲೆ ಎರಡು ಗುಂಡಿ. ‘ತಡೆ’ ಒತ್ತಿದರೆ ಔಷಧಿ ಸ್ವಲ್ಪ ಹೊತ್ತು ನಿಂತು, ತಾನಾಗಿಯೇ ಮತ್ತೆ ಶುರುವಾಗುತ್ತಿತ್ತು. ‘ನಿಲ್ಲಿಸು’ ಒತ್ತಿದರೆ ಪೂರ್ತಿ ಬಂದ್. ತಾನು ಬರೆದ ಅಧ್ಯಾಯಗಳಲ್ಲಿ ಅತ್ತಿಗೆ ಇವೆರಡನ್ನೂ ಎಲ್ಲಿಯೂ ಬೆರೆಸಲಿಲ್ಲ. ಉಳಿದವನ್ನು ಬರೆದ ಸಹೋದ್ಯೋಗಿಗೆ ಒಂದೇ ಪದ ಪದೇಪದೇ ಬಂದರೆ ಬೇಸರ. ಮನಸ್ಸಿಗೆ ಬಂದಂತೆ ಅದಲುಬದಲು ಮಾಡಿದ್ದ. ತುರ್ತು ಸಂದರ್ಭದ ಪುಟದಲ್ಲಿ ‘ಉಸಿರಾಟ ಕುಗ್ಗಿದರೆ ಕೂಡಲೇ ಔಷಧಿಯನ್ನು ತಡೆಯಿರಿ’ ಎಂದಿತ್ತು.

ಅತ್ತಿಗೆ ಮ್ಯಾನೇಜರ್ ಬಳಿ ಹೋದಳು. “ಸರ್, ಇಲ್ಲಿ ‘ನಿಲ್ಲಿಸಿ’ ಅಂತಿರಬೇಕು. ಓದಿದೋರು ಬೇರೆ ಗುಂಡಿ ಒತ್ತಿಬಿಡ್ತಾರೆ.”

“ಓದೋರೇನು ಎಳೆ ಮಕ್ಕಳಾ? ಒಂದು ಪದ ಹಿಡ್ಕೊಂಡು ಜಗ್ಗಬೇಡಿ. ಮುಂದಿನ ಆವೃತ್ತಿಯಲ್ಲಿ ನೋಡೋಣ.”

ಮತ್ತೆ ಕೇಳಿದಾಗ ಆತ ತಲೆಯನ್ನೂ ಎತ್ತಲಿಲ್ಲ.

ಹೊಸ ಯಂತ್ರ ನಾದಿನಿಯ ಆಸ್ಪತ್ರೆಗೂ ಬಂತು. ಒಂದು ಸಂಜೆ, ಸೊಂಟದ ಆಪರೇಷನ್ನಾಗಿ ಮಲಗಿದ್ದ ಬಡಗಿಯೊಬ್ಬನ ಉಸಿರು ನೋವಿನ ಔಷಧಿ ಹೆಚ್ಚಾಗಿ ಕುಗ್ಗತೊಡಗಿತು. ನಾದಿನಿ ಗಡಿಬಿಡಿಯಲ್ಲಿ ಕೈಪಿಡಿ ತೆರೆದಳು. ಅತ್ತಿಗೆಯ ಪುಸ್ತಕ; ಕಣ್ಣು ಮುಚ್ಚಿ ನಂಬಿದಳು. ‘ತಡೆ’ ಒತ್ತಿದಳು. ಔಷಧಿ ನಿಂತಿತು. ಡಾಕ್ಟರನ್ನು ಕರೆಯಲು ಕೆಳಗಿನ ಮಹಡಿಗೆ ಓಡಿದಳು. ವಾಪಸು ಬರುವಷ್ಟರಲ್ಲಿ ಯಂತ್ರ ಮತ್ತೆ ನಡೆಯುತ್ತಿತ್ತು, ಬಡಗಿ ಹೋಗಿಬಿಟ್ಟಿದ್ದ.

ಸಾವಿನ ವಿಚಾರಣೆಗೆ ಅತ್ತಿಗೆ ತಾನಾಗಿಯೇ ಹೋದಳು. ಕೆಲಸ ಹೋದರೆ ಹೋಗಲಿ ಎಂದು ಆ ತುರ್ತು ಪುಟವನ್ನು ಎಲ್ಲರ ಮುಂದೆ ಓದಿದಳು. ಮ್ಯಾನೇಜರ್ ತಣ್ಣಗೆ ಬೇರೊಂದು ಪುಟ ತಿರುವಿದ.

“ಎರಡು ಗುಂಡಿಗಳ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗಿದೆ. ಬರೆದೋರು ಇವರೇ. ನರ್ಸ್ ಇದನ್ನ ಓದಬೇಕಿತ್ತು.”

“ಇದು ನೀವು ಬರೆದಿದ್ದಾ?” ವಿಚಾರಣಾ ಸಮಿತಿಯ ಅಧ್ಯಕ್ಷರು ಕೇಳಿದರು.

“ಹೌದು, ಆದ್ರೆ...”

“ಸಾಕು, ಕೂತ್ಕೊಳ್ಳಿ.”

ನಾದಿನಿಯ ಕೆಲಸವೂ ಹೋಯಿತು, ಲೈಸೆನ್ಸೂ ಹೋಯಿತು. ವಿಚಾರಣೆ ಮುಗಿಸಿ ಹೊರಟಾಗ ಬಸ್‌ಸ್ಟಾಪಿನಲ್ಲಿ ಅತ್ತಿಗೆಗೆ ತಡೆಯಲಾಗಲಿಲ್ಲ. “ಬೈದ್ಬಿಡು ಪುಟ್ಟಿ. ಸುಮ್ನಿರಬೇಡ.”

“ನಿಮ್ಮನ್ಯಾಕೆ ಬೈಲಿ ಅತ್ತಿಗೆ? ಬಾಗಿಲ ಹತ್ರ ಆ ಬಡಗಿ ಹೆಂಡ್ತಿ ನಿಂತಿದ್ರು. ಬರೀ ನನ್ನ ಕೈ ನೋಡ್ತಾ ಇದ್ರು.” ಅಷ್ಟು ಹೇಳಿ ನಾದಿನಿ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಕೆಲವು ವಾರಗಳ ಮೇಲೆ ಮ್ಯಾನೇಜರ್ ಅತ್ತಿಗೆಯ ಮೇಜಿನ ಮೇಲೆ ಹೊಸ ಆವೃತ್ತಿ ತಂದಿಟ್ಟ. “ಪುಸ್ತಕದ ತುಂಬ ಒಂದೇ ಪದ ಇರ್ಬೇಕು ಅಂತಿದ್ರಲ್ಲ, ಮಾಡಿಸಿದೀನಿ ನೋಡಿ.”

‘ತಡೆ’ ಇದ್ದಲ್ಲೆಲ್ಲ ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ‘ನಿಲ್ಲಿಸು’ ಎಂದು ಬದಲಾಯಿಸಿದ್ದರು. ಅತ್ತಿಗೆ ತಾನು ಬರೆದಿದ್ದ ಪುಟ ತೆರೆದಳು. ‘ನಿಲ್ಲಿಸು’ ಒತ್ತಿದರೆ ಔಷಧಿ ಸ್ವಲ್ಪ ಹೊತ್ತು ನಿಂತು ಮತ್ತೆ ಶುರುವಾಗುತ್ತದೆ ಎಂದಿತ್ತು. ಯಂತ್ರದಲ್ಲಿ ಆ ಗುಂಡಿ ಒತ್ತಿದರೆ ಔಷಧಿ ಮತ್ತೆ ಶುರುವಾಗುವುದೇ ಇಲ್ಲ.

“ಸರ್, ಇದನ್ನ ಕಳಿಸಬೇಡಿ!”

“ನಿನ್ನೆನೇ ಎಲ್ಲಾ ಆಸ್ಪತ್ರೆಗೂ ಹೋಯ್ತಲ್ಲ,” ಎಂದ ಆತ, ಹೊರಡುತ್ತ.