ಕುದುರೆಯ ಕೆಳಗಿನ ಖಾಲಿ ಗೂಡು

ತಿಳಿದವರು ಎದುರು ನಿಂತು ಹೇಳಿದ ಮಾತಿನಲ್ಲಿ ಅರ್ಧವನ್ನಷ್ಟೇ ಹಿಡಿದುಕೊಂಡು, ಉಳಿದರ್ಧ ಏನೆಂದು ಕೇಳುವ ಗೋಜಿಗೂ ಹೋಗದೆ, ಎಲ್ಲವೂ ಅರ್ಥವಾಯಿತೆಂದು ತಲೆಯಾಡಿಸಿ ಮನೆಗೆ ಬಂದದ್ದು ನೀವು ಎಷ್ಟು ಸಲ? ಲೆಕ್ಕವಿಟ್ಟಿಲ್ಲ, ಅಲ್ಲವೇ? ಆರ್ಡಿತ್ ಸೈಜ್‌ಮೋರ್ ಕೂಡ ಇಟ್ಟಿರಲಿಲ್ಲ. ಅವಳು ತಲೆಯಾಡಿಸಿದ್ದು ಒಮ್ಮೆ, ಮೈದುನ ನಡೆಸುವ ಬಂದೂಕಿನ ತರಗತಿಯಲ್ಲಿ. ಆಮೇಲೆ ಗಂಡ ಬರ್ಲ್ ಅಡುಗೆಮನೆಯ ಮೇಜಿನ ಮುಂದೆಯೇ ಸತ್ತ.

ಬರ್ಲ್‌ನನ್ನು ಮಣ್ಣು ಮಾಡಿ ಬಂದ ದಿನ ಅದೇ ಅಡುಗೆಮನೆಯ ಕಟ್ಟೆಯ ಮೇಲೆ ಕೈಯಿಡಲು ಜಾಗವಿರಲಿಲ್ಲ. ಚರ್ಚಿನ ಹೆಂಗಸರು ಕೋಳಿ ಸಾರು, ಮೆಕ್ಕೆಜೋಳದ ಬ್ರೆಡ್ಡು, ಬೇಯಿಸಿದ ಬೀನ್ಸು, ಬಾಳೆಹಣ್ಣಿನ ಪುಡಿಂಗ್ ಎಲ್ಲವನ್ನೂ ತಂದು ಜೋಡಿಸಿದ್ದರು. ಕೆಂಟಕಿಯ ಸ್ಟಿಲ್‌ಹೌಸ್ ಹಳ್ಳದ ಶಾಲೆಯ ಅಡುಗೆಮನೆಯಲ್ಲಿ ಆಯುಸ್ಸು ಕಳೆದವಳು ಆರ್ಡಿತ್. ಆ ಪಾತ್ರೆಗಳನ್ನು ನೋಡಿ, ಪುಡಿಂಗ್ ನೀರು ಬಿಟ್ಟಿದೆ ಎಂದುಕೊಂಡಳು. ಅದಕ್ಕಿಂತ ಹೆಚ್ಚಿನದೇನೂ ಮನಸ್ಸಿಗೆ ಬರಲಿಲ್ಲ. ಕಣ್ಣೀರು ಬರಬಹುದೆಂದು ಕಾದಳು, ಬರಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅವು ಬೇರೆ ಯಾರದೋ ಎಂಬಂತೆ ನೋಡುತ್ತ ಕುಳಿತಳು.

"ಗುಂಡು ಹಾರಿಬಿಡ್ತಂತೆ, ಪಾಪ," ಎಂದು ಬಾಗಿಲ ಬಳಿ ಯಾರೋ ಪಿಸುಗುಟ್ಟಿದರು. ಪಾದ್ರಿಯೂ ಪ್ರಾರ್ಥನೆಯಲ್ಲಿ ಹಾಗೆಯೇ ಅಂದಿದ್ದ. ಬಂದು ನೋಡಿಹೋದ ಪೊಲೀಸಿನವನೂ ಹಾಗೆಯೇ ಅಂದಿದ್ದ. ಹಾರಿತು! ಧೂಳು ಹಾರುವಂತೆ, ಹಕ್ಕಿ ಹಾರುವಂತೆ, ಯಾರ ಬೆರಳೂ ಬೇಕಿಲ್ಲದಂತೆ. ಕರುಣೆಯ ಹೆಸರಿನಲ್ಲಿ ಇಡೀ ಕಣಿವೆ ಒಂದು ಸುಳ್ಳನ್ನು ಎತ್ತಿಕೊಂಡು ಕೈಯಿಂದ ಕೈಗೆ ದಾಟಿಸುತ್ತಿತ್ತು. ಆ ಸುಳ್ಳಿನಿಂದ ಆರ್ಡಿತ್‌ಗೆ ಒಂದಿಷ್ಟೂ ಸಮಾಧಾನ ಸಿಗಲಿಲ್ಲ. ಅದು ಇನ್ನೊಬ್ಬರ ಮನೆಗೆ ಸಾವನ್ನು ಹೊತ್ತೊಯ್ಯುತ್ತಿದೆ ಎಂಬುದು ಆಗಿನ್ನೂ ಅವಳಿಗೆ ಹೊಳೆದಿರಲಿಲ್ಲ.

ಎಲ್ಲ ಶುರುವಾದದ್ದು ಹಳ್ಳದ ಕೆಳಗಿನ ಮನೆಗೆ ಯಾರೋ ನುಗ್ಗಿ, ಮುದುಕಿಯೊಬ್ಬಳ ನೋವಿನ ಮಾತ್ರೆಗಳನ್ನು ಕದ್ದೊಯ್ದ ಮೇಲೆ. ಹೆದರಿದ ಹೆಂಗಸರೆಲ್ಲ ಬಂದೂಕು ಕ್ಲಬ್ಬಿನ ಶನಿವಾರದ ತರಗತಿಗೆ ಸೇರಿದರು. ಕಲಿಸುವವನು ಬರ್ಲ್‌ನ ತಮ್ಮ ವೆಂಡೆಲ್. ಒಳ್ಳೆಯವನು, ಎಲ್ಲರಿಗೂ ಬೇಕಾದವನು.

"ಅತ್ತಿಗೆ, ಇದನ್ನ ಒಂದ್ಸಲ ಎಳಿ ನೋಡೋಣ," ಎಂದು ಅವನು ಖಾಲಿ ಪಿಸ್ತೂಲೊಂದನ್ನು ಅವಳ ಕೈಗಿಟ್ಟಿದ್ದ. ತೋಟಾ ಒಳಹೋಗಬೇಕಾದರೆ ಅದರ ಮೇಲಿನ ಕವಚವನ್ನು ಹಿಂದಕ್ಕೆಳೆಯಬೇಕು. ಗಂಟು ಕಟ್ಟಿದ ಬೆರಳುಗಳಲ್ಲಿ ಹಿಡಿದು ಹಲ್ಲು ಕಚ್ಚಿ ಎಳೆದರೂ ಅದು ಕದಲಲಿಲ್ಲ.

"ಉಪ್ಪಿನಕಾಯಿ ಜಾಡಿ ಮುಚ್ಚಳಾನೇ ನಿಮ್ಮಣ್ಣನ ಹತ್ರ ತೆಗೆಸ್ತೀನಿ ಕಣೋ. ಇದೆಲ್ಲಿ ಆಗುತ್ತೆ ನನ್ನ ಕೈಲಿ!"

"ಅದಕ್ಕೇ ನಾನು ಬಡ್ಕೊಳ್ಳೋದು," ಎಂದು ವೆಂಡೆಲ್ ರಿವಾಲ್ವರ್ ಎತ್ತಿ ತೋರಿಸಿದ. "ಇದಕ್ಕೆ ಎಳೆಯೋದು ಗಿಳಿಯೋದು ಏನೂ ಇಲ್ಲ. ಒಂದು ತೋಟಾ ಸಿಡೀಲಿಲ್ವಾ? ಮತ್ತೆ ಟ್ರಿಗರ್ ಒತ್ತು, ತೋಟಾ ಇರೋ ಚಕ್ರ ತಿರುಗುತ್ತೆ, ಮುಂದಿನದು ಬರುತ್ತೆ. ಪಿಸ್ತೂಲು ಸಿಕ್ಕಾಕ್ಕೊಂಡ್ರೆ ಕಳ್ಳನಿಗೆ 'ಸ್ವಲ್ಪ ಇರಪ್ಪ' ಅಂತ ಹೇಳಿ ರಿಪೇರಿಗೆ ಕೂರ್ಬೇಕು. ಆಮೇಲೆ ತೋಟಾ ತುಂಬೋ ಮ್ಯಾಗಜೀನ್ ತೆಗೆದು ಪಿಸ್ತೂಲು ಖಾಲಿ ಅಂದ್ಕೋತಾರೆ, ಒಳಗೆ ಒಂದು ಕೂತೇ ಇರುತ್ತೆ. ಇದು ಹಂಗಲ್ಲ. ಚಕ್ರ ಪಕ್ಕಕ್ಕೆ ತೆಗೆದ್ರೆ ಆರೂ ತೋಟಾ ಕಣ್ಣೆದುರಿಗೆ. ವರ್ಷಗಟ್ಟಲೆ ಡ್ರಾಯರ್‌ನಲ್ಲಿ ಬಿದ್ದಿದ್ರೂ ಕೈ ಕೊಡಲ್ಲ."

"ನಮ್ಮನೆಯವಳ ಥರ ಅನ್ನು!" ಹೆಂಡತಿಯ ಜೊತೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ಕೂಗಿದ. "ಆಡೋದು ಆರೇ ಮಾತು, ಒಂದೂ ಗುರಿ ತಪ್ಪಲ್ಲ!"

ನಗೆ ಇಳಿದ ಮೇಲೆ ವೆಂಡೆಲ್ ಮುಂದುವರಿಸಿದ. "ಇನ್ನೊಂದು ಮಾತು. ಇದರ ಟ್ರಿಗರ್ ಉದ್ದ, ಬಿಗಿ. ತಾನಾಗಿ ಹಾರೋ ಮಾತೇ ಇಲ್ಲ. ನೀನೇ ಮನಸ್ಸು ಮಾಡಿ ಒತ್ತಬೇಕು."

ಕೊನೆಗೆ ತಂದೆಯ ಕಾಲದ ಪದ್ಧತಿಯನ್ನು ಹೇಳಿದ. ಚಕ್ರದಲ್ಲಿ ಆರು ಗೂಡು. ಐದನ್ನು ತುಂಬಿ ಒಂದನ್ನು ಖಾಲಿ ಬಿಡಬೇಕು. ತೋಟಾದ ಬೆನ್ನಿಗೆ ಬಡಿಯುವ ಕುದುರೆಯ ಕೆಳಗೆ ಆ ಖಾಲಿ ಗೂಡೇ ಇರಬೇಕು. "ಹಂಗಿಟ್ರೆ ಯಾವ ಭಯಾನೂ ಇಲ್ಲ."

ಆರ್ಡಿತ್ ತಲೆಯಾಡಿಸಿದಳು. ಆ ಪದ್ಧತಿ ಹುಟ್ಟಿದ್ದು ಹಳೆಯ ಕಾಲದ ರಿವಾಲ್ವರ್‌ಗಳಿಗಾಗಿ. ಅವು ಕೈಜಾರಿ ಬಿದ್ದು ಕುದುರೆಗೆ ಪೆಟ್ಟು ತಗುಲಿದರೆ ಗುಂಡು ಸಿಡಿಯುತ್ತಿತ್ತು. ಈಗಿನವುಗಳಿಗೆ ಅದರ ಅಗತ್ಯವೇ ಇಲ್ಲ. ಆದರೂ ಅಪ್ಪ ಮಾಡುತ್ತಿದ್ದನೆಂದು ಮಗ ಕಲಿಸಿದ. ಖಾಲಿ ಗೂಡು ಇರುವುದು ಬಂದೂಕು ಕೆಳಗೆ ಬಿದ್ದಾಗ ಕಾಯುವುದಕ್ಕೆ, ಟ್ರಿಗರ್ ಒತ್ತಿದಾಗ ಕಾಯುವುದಕ್ಕಲ್ಲ ಎಂಬ ಮುಖ್ಯ ಮಾತನ್ನು ಆಡದೆ ಬಿಟ್ಟ. ಇಷ್ಟು ಸಣ್ಣದು ಎಲ್ಲರಿಗೂ ತಿಳಿದಿರುತ್ತದೆ ಎಂದುಕೊಂಡ. ಕಲಿಸುವವರು ಮಾಡುವ ಅಪರಾಧಗಳಲ್ಲಿ ಇದಕ್ಕಿಂತ ದೊಡ್ಡದು ಯಾವುದಿದೆ?

ಸೈನ್ಯದಲ್ಲಿ ಪಿಸ್ತೂಲು ಹಿಡಿದಿದ್ದ ಬರ್ಲ್‌ಗೆ, ತಮ್ಮನ ಮಾತು ಕೇಳಿ ಹೆಂಡತಿ ಕೊಂಡ ರಿವಾಲ್ವರ್ ಕಂಡರೆ ತಮಾಷೆ. ಆ ದಿನ ಅವನು ಮೇಜಿನ ಮುಂದೆ ಕುಳಿತು ಬೀನ್ಸಿನ ನಾರು ಬಿಡಿಸುತ್ತಿದ್ದ. ಅವಳು ಡ್ರಾಯರ್ ಒರೆಸುವುದಕ್ಕೆಂದು ರಿವಾಲ್ವರನ್ನು ಕೈಗೆತ್ತಿಕೊಂಡಿದ್ದಳು.

"ಅಜ್ಜನ ಕಾಲದ್ದು ಕಟ್ಕೊಂಡಿದ್ದೀಯಲ್ಲೇ. ಕಳ್ಳ ನೋಡಿ ನಗ್ತಾ ನಗ್ತಾ ಸಾಯ್ಬೇಕು ಅಷ್ಟೇ."

"ನಿನ್ನ ಪಿಸ್ತೂಲಿಗಿಂತ ವಾಸಿ. ಇದು ಸುಳ್ಳು ಹೇಳಲ್ಲ."

"ಆಯ್ತು ಮಾರಾಯ್ತಿ, ಅದನ್ನ ಆ ಕಡೆ ತಿರುಗಿಸು."

"ಭಯಾನಾ? ಕುದುರೆ ಕೆಳಗೆ ಖಾಲಿ ಇದೆ, ಬರ್ಲ್. ನೋಡು ಬೇಕಾದ್ರೆ."

ಒಂದು ಬೆರಳಿಗೆ ಟ್ರಿಗರ್ ಬಗ್ಗಲಿಲ್ಲ. ಎರಡು ಬೆರಳು ಹಾಕಿ ಒತ್ತಿದಳು. ಮೊದಲು ಚಕ್ರ ತಿರುಗಿತು. ಖಾಲಿ ಗೂಡು ಪಕ್ಕಕ್ಕೆ ಸರಿಯಿತು. ತುಂಬಿದ ಗೂಡು ಆ ಜಾಗಕ್ಕೆ ಬಂದು ನಿಂತಿತು. ಆಮೇಲೆ ಕುದುರೆ ಬಡಿಯಿತು. ಬರ್ಲ್‌ನ ಕೈಯಲ್ಲಿ ಅರ್ಧ ನಾರು ಬಿಡಿಸಿದ ಬೀನ್ಸು ಹಾಗೆಯೇ ಇತ್ತು.

ಸಂಸ್ಕಾರ ಮುಗಿದ ಕೆಲವು ದಿನಗಳ ಮೇಲೆ ಪಕ್ಕದ ಮನೆಯ ಲಿಯೋನಾ ಪಾತ್ರೆಗಳನ್ನು ಹಿಂದಕ್ಕೆ ಒಯ್ಯಲು ಬಂದಳು. ಅವಳೂ ಅದೇ ತರಗತಿಯಲ್ಲಿ ಕಲಿತು ಅಂಥದೇ ರಿವಾಲ್ವರ್ ಕೊಂಡವಳು.

"ಊಟ ಮಾಡಿದ್ಯಾ, ಆರ್ಡಿ? ಮುಖ ನೋಡು, ಬಿಳಿಚ್ಕೊಂಡಿದೆ."

"ಮಾಡಿದೆ ಅನ್ಸುತ್ತೆ."

"ನಿನ್ನದರಲ್ಲೇ ಏನೋ ದೋಷ ಇತ್ತಂತೆ, ವೆಂಡೆಲ್ ಹೇಳ್ದ. ನನ್ನದು ಹೊಸದು, ದೇವ್ರು ದೊಡ್ಡವನು. ಅವನು ಹೇಳಿದ ಹಾಗೇ ಖಾಲಿ ಗೂಡು ಕುದುರೆ ಕೆಳಗೇ ಇಟ್ಟಿದೀನಿ. ಮೊಮ್ಮಗಳು ಕೈ ಹಾಕಿದ್ರೂ ಏನೂ ಆಗಲ್ಲ ಅಂತ ಒಂದು ಧೈರ್ಯ."

ಆರ್ಡಿತ್ ತಲೆಯೆತ್ತಿದಳು. ದೂರದಲ್ಲೆಲ್ಲೋ ಇದ್ದ ಶಬ್ದವೊಂದು ಹತ್ತಿರಕ್ಕೆ ಬಂದಂತಾಯಿತು. "ಲಿಯೋನಾ, ನನ್ನದರಲ್ಲಿ ದೋಷ ಇರ್ಲಿಲ್ಲ. ಖಾಲಿ ಅಂದ್ಕೊಂಡು ನಾನೇ ಒತ್ತಿದೆ."

"ಶ್... ಹಂಗೆಲ್ಲ ಅನ್ಬಾರ್ದು, ಚಿನ್ನ," ಎಂದು ಲಿಯೋನಾ ಅವಳನ್ನು ತಬ್ಬಿಕೊಂಡು ಬೆನ್ನು ಸವರಿದಳು. "ಗುಂಡು ಹಾರ್ತು. ಅಷ್ಟೇ. ನಿನ್ನ ತಪ್ಪೇನಿದೆ?"

ಆರ್ಡಿತ್ ಇನ್ನೆರಡು ಸಲ ಹೇಳಿದಳು. ಪ್ರತಿ ಸಲವೂ ಬೆನ್ನು ಸವರುವುದು ಹೆಚ್ಚಾಯಿತೇ ಹೊರತು ಮಾತು ಒಳಗೆ ಇಳಿಯಲಿಲ್ಲ. ದುಃಖದಲ್ಲಿರುವ ಹೆಂಗಸು ತನ್ನನ್ನೇ ದೂರಿಕೊಳ್ಳುತ್ತಾಳೆ ಎಂದು ಲಿಯೋನಾ ತೀರ್ಮಾನಿಸಿಯಾಗಿತ್ತು. ಆರ್ಡಿತ್ ಕೋಟು ಹಾಕಿಕೊಂಡು ವೆಂಡೆಲ್‌ನ ಮನೆಗೆ ನಡೆದಳು. ಅವನು ಶೆಡ್ಡಿನಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನು ಬಿಚ್ಚಿಕೊಂಡು ಕುಳಿತಿದ್ದ.

"ಲಿಯೋನಾಗೆ ನಿಜ ಹೇಳು, ವೆಂಡೆಲ್. ನಾನು ಹೇಳಿದ್ರೆ ಕೇಳಲ್ಲ. ನೀನು ಹೇಳಿದ್ರೆ ಕೇಳ್ತಾಳೆ."

"ಏನಂತ ಹೇಳ್ಲಿ, ಅತ್ತಿಗೆ? ನಮ್ಮಣ್ಣನ್ನ ನೀನೇ ಕೊಂದೆ ಅಂತ ಊರಿಗೆಲ್ಲ ಸಾರ್ಲಾ? ನಿನ್ನ ಮಾನ ಉಳಿಸೋಕೆ ನಾನು ಒದ್ದಾಡ್ತಿದೀನಿ."

"ತಾನಾಗಿ ಹಾರೋ ಮಾತೇ ಇಲ್ಲ ಅಂತ ಹೇಳಿ ಕೊಡಿಸಿದವನು ನೀನು. ಈಗ ತಾನಾಗಿ ಹಾರ್ತು ಅಂತೀಯ. ಎರಡರಲ್ಲಿ ಒಂದು ಸುಳ್ಳು. ಯಾವುದು?"

ವೆಂಡೆಲ್ ಸ್ಪ್ಯಾನರ್ ಕೆಳಗಿಟ್ಟ. "ಅವನು ನನ್ನಣ್ಣ, ಅತ್ತಿಗೆ. ನಾನು ಕಲಿಸಿದ್ದರಿಂದ ಅವನು ಸತ್ತ ಅಂತ ಒಪ್ಕೊಂಡು ನಾನು ಹೆಂಗೆ ಬದುಕ್ಲಿ?"

"ಗೊತ್ತಿಲ್ಲ," ಎಂದಳು ಆರ್ಡಿತ್. "ನಾನು ಹೆಂಗೆ ಬದುಕಿದೀನಿ ಅಂತಾನೂ ಗೊತ್ತಿಲ್ಲ. ಲಿಯೋನಾ ಮೊಮ್ಮಗಳು ಇನ್ನೂ ಚಿಕ್ಕವಳು."

ಅವನು ಸ್ಪ್ಯಾನರನ್ನು ಮತ್ತೆ ಕೈಗೆತ್ತಿಕೊಂಡ.

ಶನಿವಾರ ಅವಳು ತರಗತಿಯ ಮುಂದಿನ ಸಾಲಿನಲ್ಲಿ ಕುಳಿತಳು. ಜನ ದಾರಿ ಬಿಟ್ಟರು, ಕೈ ಒತ್ತಿದರು, ಕಾಫಿ ತಂದುಕೊಟ್ಟರು. ಕಾಫಿ ಬಿಸಿಯಿದೆಯೋ ತಣ್ಣಗಿದೆಯೋ ಅವಳಿಗೆ ತಿಳಿಯಲಿಲ್ಲ. ವೆಂಡೆಲ್ ಪಿಸ್ತೂಲು, ರಿವಾಲ್ವರ್‌ಗಳ ಹೋಲಿಕೆ ಮುಗಿಸಿದ. ಐದು ತುಂಬುವ ಮಾತಿಗೆ ಬಂದಾಗ ಅವಳ ಮುಖ ನೋಡಿ ತಡವರಿಸಿದ. ಆದರೂ ವರ್ಷಗಳಿಂದ ನಾಲಿಗೆಗೆ ರೂಢಿಯಾಗಿದ್ದ ಮಾತು ಹೊರಗೆ ಬಂದೇ ಬಂತು. "ಹಂಗಿಟ್ರೆ ಯಾವ ಭಯಾನೂ ಇಲ್ಲ."

ಆರ್ಡಿತ್ ಎದ್ದು ಅವನ ಮೇಜಿನ ಬಳಿ ಹೋದಳು. ಅಲ್ಲಿದ್ದ ಖಾಲಿ ರಿವಾಲ್ವರಿಗೆ ಅಭ್ಯಾಸಕ್ಕೆಂದಿದ್ದ, ಸಿಡಿಯದ ಕೆಂಪು ಪ್ಲಾಸ್ಟಿಕ್ ತೋಟಾಗಳನ್ನು ತುಂಬಿ ಒಂದು ಗೂಡನ್ನು ಬಿಟ್ಟಳು. ಆ ಗೂಡನ್ನು ಕುದುರೆಯ ಕೆಳಗೆ ತಂದಳು. ಮುಂದಿದ್ದವರಿಗೆಲ್ಲ ಬಾಗಿ ನೋಡಲು ಹೇಳಿದಳು.

"ಏನಿದೆ?"

"ಖಾಲಿ, ಮಿಸ್ ಆರ್ಡಿತ್," ಎಂದಿತು, ಶಾಲೆಯ ದಿನಗಳಿಂದಲೂ ಅವಳನ್ನು ಹಾಗೇ ಕರೆಯುತ್ತಿದ್ದ ಒಂದು ದನಿ.

ಗೋಡೆಯ ಕಡೆಗೆ ಹಿಡಿದು, ಎರಡು ಬೆರಳು ಹಾಕಿ, ನಿಧಾನವಾಗಿ ಒತ್ತತೊಡಗಿದಳು. ಚಕ್ರ ತಿರುಗಿತು. ಖಾಲಿ ಗೂಡು ಸರಿದು, ಕೆಂಪು ಬಣ್ಣ ಕುದುರೆಯ ಕೆಳಗೆ ಬಂತು. ಟಕ್ಕೆಂದಿತು.

"ಇದು ಹಾರ್ಲಿಲ್ಲ," ಎಂದಳು. ದನಿಯಲ್ಲಿ ಏರಿಳಿತವಿರಲಿಲ್ಲ. "ನಾನು ಹಾರಿಸ್ದೆ. ಖಾಲಿ ಗೂಡು ನೋಡಿ ಹಾರಿಸ್ದೆ."

"ಸಾಕು, ಕೂತ್ಕೊಳ್ಳಿ ಮಿಸ್ ಆರ್ಡಿತ್," ಎಂದು ಯಾರೋ ಮೇಲೆದ್ದರು. ವೆಂಡೆಲ್ ಅವರನ್ನು ಕೈಸನ್ನೆಯಲ್ಲಿ ತಡೆದ. "ಅತ್ತಿಗೆ ಹೇಳ್ತಿರೋದು ಸರಿ," ಎಂದ. "ನಾನು ಕಲಿಸಿದ್ದು ಅರ್ಧ." ಗೋಡೆಯ ಕಡೆ ತಿರುಗಿದ.

ಹಿಂದಿನ ಸಾಲಿನಲ್ಲಿದ್ದ ಲಿಯೋನಾ ಎದ್ದು ಮೇಜಿನ ಬಳಿ ಬಂದಳು. ತೋಟಾ ತುಂಬಿದ ಬಂದೂಕನ್ನು ತರಗತಿಗೆ ತರಬಾರದೆಂಬ ನಿಯಮವಿದ್ದರೂ ಕೈಚೀಲದಲ್ಲಿ ಅವಳ ರಿವಾಲ್ವರ್ ತುಂಬಿದಂತೆಯೇ ಇತ್ತು. ಅದನ್ನು ತೆಗೆದು ವೆಂಡೆಲ್‌ನ ಮುಂದಿಟ್ಟಳು. ಅವನು ಚಕ್ರ ಬಿಡಿಸಿದಾಗ ತೋಟಾಗಳು ಒಂದೊಂದಾಗಿ ಮೇಜಿನ ಮೇಲೆ ಉರುಳಿದವು.

"ನಿನ್ನೆ ಮಗೂನ ಇದರ ಪಕ್ಕದಲ್ಲೇ ಮಲಗಿಸಿದ್ದೆ," ಎಂದಳು. "ದಿಂಬಿನ ಕೆಳಗೆ ಇತ್ತು ಇದು."

ಈಗಲಾದರೂ ಏನಾದರೂ ಅನಿಸಬಹುದೆಂದು ಆರ್ಡಿತ್ ಕಾದಳು. ಏನೂ ಅನಿಸಲಿಲ್ಲ. ಬರ್ಲ್ ಇರಲಿಲ್ಲ, ಆ ಮಗು ಇತ್ತು. ಅವಳು ಕೋಟು ತೆಗೆದುಕೊಂಡು ಮನೆಗೆ ಹೊರಟಳು.

ಓದುಗರೇ, ಇದು ಕೆಂಟಕಿಯ ಯಾವುದೋ ಕಣಿವೆಯ ಮಾತೆಂದು ಪುಟ ಮಗುಚಬೇಡಿ. ನಿಮ್ಮ ಮನೆಯಲ್ಲಿ ಬಂದೂಕಿದ್ದರೆ, ಅದು ರಿವಾಲ್ವರೇ ಆಗಿರಲಿ ಪಿಸ್ತೂಲೇ ಆಗಿರಲಿ, ಖಾಲಿಯೆಂದು ನಂಬಿ ಯಾರೆಡೆಗೂ ಹಿಡಿಯಬೇಡಿ. ಬಲ್ಲವರನ್ನು ಕರೆಸಿ ತೋಟಾಗಳನ್ನು ಹೊರಗೆ ತೆಗೆಸಿ. ಬಂದೂಕಿಗೊಂದು ಬೀಗ, ತೋಟಾಗಳಿಗೆ ಬೇರೆ ಕಡೆ ಇನ್ನೊಂದು ಬೀಗ ಹಾಕಿ, ಬೀಗದ ಕೈಗಳನ್ನು ಮಕ್ಕಳಿಗೆ ಸಿಗದ ಜಾಗದಲ್ಲಿಡಿ. ನಿಮ್ಮಲ್ಲಿ ಬಂದೂಕಿಲ್ಲದಿದ್ದರೆ, ಅದಿರುವ ಮನೆಗೆ ನಿಮ್ಮ ಮಗು ಆಡಲು ಹೋಗುವ ಮೊದಲು ಎಲ್ಲಿಟ್ಟಿದ್ದಾರೆಂದು ಬಾಯಿಬಿಟ್ಟು ಕೇಳಿ. ಸಂಕೋಚಪಡಬೇಡಿ, ನಾಳೆಗೆ ಬಿಡಬೇಡಿ. ಈಗಲೇ ಏಳಿ.