ಭದ್ರಮ್ಮನಿಗೆ ಬಿದ್ದ ಓಟುಗಳು

ತಮಿಳುನಾಡಿನ ಗಡಿಯೊಳಗಿರುವ ಕೆಂಪನದೊಡ್ಡಿ ಪಂಚಾಯಿತಿಗೆ ಅಧ್ಯಕ್ಷರು ಯಾರಾಗಬೇಕೆಂಬುದನ್ನು ಮೂರು ಚುನಾವಣೆಗಳಿಂದಲೂ ದೊಡ್ಡವೆಂಕಟಪ್ಪನೇ ತೀರ್ಮಾನಿಸುತ್ತಿದ್ದ. ಚುನಾವಣೆಗೆ ತಿಂಗಳಿರುವಾಗ ಅವನ ಮನೆ ಜಗಲಿಯಲ್ಲಿ ಐದಾರು ಜನ ಹಿರಿಯರು ಸೇರುವರು, ಕಾಫಿ ಕುಡಿಯುವರು, ಅವನು ಒಂದು ಹೆಸರು ಹೇಳುವನು. ಆಮೇಲೆ ಬೇರೆ ಯಾರೂ ನಾಮಪತ್ರ ಹಾಕುತ್ತಿರಲಿಲ್ಲ. ಈ ಸಲ ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ಅವನು ತನ್ನ ಸೊಸೆ ಕಲ್ಪನಾಳ ಹೆಸರು ಹೇಳುತ್ತಾನೆಂದು ಊರಿಗೆಲ್ಲ ಗೊತ್ತಿತ್ತು.

ಇದನ್ನು ಬದಲಾಯಿಸಲು ಹೊರಟವನು ಬೀರೇಶ್. ವಯಸ್ಸು ಇಪ್ಪತ್ತಾರು, ಹೊಸೂರು ಪಕ್ಕದ ಮೂಕಂಡಪಲ್ಲಿಯ ಒಂದು ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಕೆಲಸ. ಊರಿಂದ ಹೊಸೂರಿಗೆ ಹೋಗುವ ಕಂಪನಿ ವ್ಯಾನಿನಲ್ಲಿ ಅವನು ದಿನವೂ ಇದೇ ಮಾತು ತೆಗೆಯುತ್ತಿದ್ದ.

“ಹೆಸರು ಅವರು ಹೇಳೋದು, ಓಟು ನಾವು ಹಾಕೋದು, ಇದ್ಯಾವ ನ್ಯಾಯ? ಮೊದ್ಲು ಊರೋರೆಲ್ಲ ಓಟು ಹಾಕಿ ಒಬ್ಬರನ್ನ ಆರಿಸಾನ. ಗೆದ್ದೋರು ಮಾತ್ರ ಮನು ಕೊಡ್ಲಿ.” ನಾಮಪತ್ರಕ್ಕೆ ಆ ಕಡೆಯವರು ತಮಿಳಿನ ‘ಮನು’ ಎಂದೇ ಅನ್ನುವುದು.

ಊರಿನ ವಾಟ್ಸಾಪ್ ಗುಂಪಿನಲ್ಲೇ ಓಟು ನಡೆಸುವುದೆಂದಾಯಿತು. ದೊಡ್ಡವೆಂಕಟಪ್ಪ ತಡೆಯಲಿಲ್ಲ. “ಆಗ್ಲಿ, ಹಾಕ್ರಪ್ಪ” ಅಂದ. ಬೀರೇಶ್ ಎರಡು ಹೆಸರು ಹಾಕಿದ. ಒಂದು ಕಲ್ಪನಾ, ಇನ್ನೊಂದು ಹೆಂಗಸರ ಸಂಘ ನಡೆಸುತ್ತಿದ್ದ ಸರಳಾ. ಐದು ನಿಮಿಷದಲ್ಲಿ ಯಾರೋ ಬರೆದರು: “ನಮ್ಮ ತಲೈವಿ ಹೆಸರೆಲ್ಲಿ?” ಅದರ ಕೆಳಗೆ ನಗುವ ಮುಖಗಳು ಸಾಲುಗಟ್ಟಿದವು.

ತಲೈವಿ, ಅಂದರೆ ನಾಯಕಿ, ಎಂದು ಅವರು ಕರೆಯುತ್ತಿದ್ದುದು ಭದ್ರಮ್ಮನನ್ನು. ಆಕೆ ಬೀರೇಶನ ಸೋದರತ್ತೆ. ಗಂಡ ಸತ್ತು ಹನ್ನೆರಡು ವರ್ಷವಾಗಿತ್ತು. ದೊಡ್ಡವೆಂಕಟಪ್ಪನ ಸೇವಂತಿಗೆ ತೋಟದಲ್ಲಿ ಹೂ ಬಿಡಿಸುವ ಕೆಲಸ. ಗ್ರಾಮಸಭೆ ನಡೆದಾಗಲೆಲ್ಲ ಎದ್ದು ನಿಂತು ಒಂದೇ ಮಾತು ಕೇಳುತ್ತಿದ್ದಳು. ರೇಷನ್ ಅಂಗಡಿ ಪಕ್ಕದ ಊರಲ್ಲಿತ್ತು. ಹೂ ಬಿಡಿಸಿ ಬಿಡಿಸಿ ಸವೆದ ಬೆರಳನ್ನು ಅಲ್ಲಿನ ಯಂತ್ರ ಗುರುತಿಸುತ್ತಿರಲಿಲ್ಲ. ಅಷ್ಟು ದೂರ ನಡೆದು ಹೋದ ಹೆಂಗಸರು ಬರಿಗೈಯಲ್ಲಿ ವಾಪಸು ಬರಬೇಕು. ತಿಂಗಳಿಗೆ ಎರಡು ದಿನ ನಮ್ಮ ಶಾಲೆ ಜಗಲಿಗೇ ರೇಷನ್ ತಂದು ಕೊಡಬಾರದೇ ಎಂಬುದು ಆಕೆಯ ಪ್ರಶ್ನೆ. ಆಕೆ ಏಳುವಾಗಲೇ ಹುಡುಗರು ನಗಲು ಶುರು ಮಾಡುತ್ತಿದ್ದರು.

ಬೀರೇಶನಿಗೂ ನಗು ಬಂತು. ಮೂರನೆಯ ಹೆಸರೂ ಸೇರಿಸಿ ಓಟನ್ನು ಹೊಸದಾಗಿ ಹಾಕಿದ.

ಭಾನುವಾರ ಸಂಜೆ ನೋಡಿದರೆ ಕಲ್ಪನಾಳಿಗೆ ಅರವತ್ತೆರಡು, ಸರಳಾಳಿಗೆ ಮೂವತ್ತೆಂಟು, ಭದ್ರಮ್ಮನಿಗೆ ನೂರಾ ಹನ್ನೊಂದು.

ಅದು ತಮಾಷೆಗೆ ಮಾಡಿದ್ದು ಎಂದು ಹೇಳಿಬಿಡಬೇಕೆಂದೇ ಬೀರೇಶ್ ಅತ್ತೆಯ ಮನೆಗೆ ಹೋದ. ಅಷ್ಟರಲ್ಲಿ ಪಕ್ಕದ ಮನೆಯ ಸುಗುಣಾ ಸುದ್ದಿ ಮುಟ್ಟಿಸಿದ್ದಳು. ಭದ್ರಮ್ಮ ಮುಖ ತೊಳೆದು, ತಲೆ ಬಾಚಿ, ಹೊಸ್ತಿಲಲ್ಲಿ ಕೂತಿದ್ದಳು.

“ನಿಜವೇನ್ಲಾ ಬೀರಾ?”

ಅವನು ಆಕೆಯ ಮುಖ ನೋಡಿದ. “ಹೂಂ ಅತ್ತೆ.”

“ಯಾರ್ಯಾರು ಹಾಕವ್ರೆ, ಓದು.”

ಫೋನಿನಲ್ಲಿ ಓಟು ಹಾಕಿದವರ ಹೆಸರು ಕಾಣುತ್ತಿತ್ತು. ಅವನು ಒಂದೊಂದಾಗಿ ಓದಿದ. ಆಕೆ ಪ್ರತಿ ಹೆಸರನ್ನೂ ತಾನೊಂದು ಸಲ ಹೇಳಿಕೊಂಡಳು. ಕೆಲವರ ಹೆಸರು ಬಂದಾಗ, “ಅವನೂವಾ? ನಾನೇನೋ ಅಂದ್ಕಂಡಿದ್ದೆ” ಅಂದಳು. ಬೀರೇಶನ ಹೆಸರೂ ಬಂತು. ಆಕೆ ಅವನ ತಲೆ ಸವರಿದಳು.

ಮಾರನೆಯ ದಿನದಿಂದ ಕೆಲಸ ಮುಗಿದ ಮೇಲೆ ಭದ್ರಮ್ಮ ಆ ಮನೆಗಳಿಗೆಲ್ಲ ಹೋಗತೊಡಗಿದಳು. ಮಡಿಲಲ್ಲಿ ತಂದ ಸೇವಂತಿಗೆಯನ್ನು ಆ ಮನೆಯ ಹೆಂಗಸರಿಗೆ ಕೊಟ್ಟು, ನನ್ನ ಮೇಲೆ ನಂಬಿಕೆ ಇಟ್ಟಿರಲ್ಲ ಎಂದು ಕೈಮುಗಿಯುವಳು. ಶಾಲೆ ಜಗಲಿಯಲ್ಲಿ ಅಕ್ಕಿ ಎಲ್ಲಿಡುವುದು, ಬೆರಳು ಒಪ್ಪದವರಿಗೆ ಯಾವ ಅರ್ಜಿ ಬರೆಸುವುದು, ಎಲ್ಲವನ್ನೂ ಯೋಚಿಸಿಟ್ಟಿದ್ದಳು. ಜನ ಕಾಫಿ ಕೊಟ್ಟರು, ತುಟಿ ಕಚ್ಚಿಕೊಂಡು ಕೇಳಿದರು, ಆಕೆ ಬೀದಿ ತಿರುಗಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾಲ್ಕನೆಯ ದಿನ ದೊಡ್ಡವೆಂಕಟಪ್ಪ ಬೀರೇಶನನ್ನು ಕರೆಸಿದ.

“ಯಾಕಪ್ಪ, ಮುಖ ಸಪ್ಪಗದೆ?”

“ಇಲ್ಲ ಯಜಮಾನ್ರೆ. ಅತ್ತೆಗೆ ಹೇಳ್ಬುಡ್ತೀನಿ. ಸರಳಕ್ಕ ಕಲ್ಪನಕ್ಕ ಇಬ್ಬರನ್ನೇ ಇಟ್ಟು ಇನ್ನೊಂದು ಸಲ ಓಟು ಮಾಡಾನ ಅಂತ…”

“ಹೇಳ್ಬ್ಯಾಡ. ನೀನೇ ನಿಮ್ಮತ್ತೇನ ಮನು ಕೊಡೋಕೆ ತಳಿ ಊರಿನ ಪಂಚಾಯ್ತಿ ಯೂನಿಯನ್ ಆಫೀಸಿಗೆ ಕರ್ಕಂಡು ಹೋಗು. ತಮಟೆ ನಾನು ಕಳಿಸ್ತೀನಿ. ಹಾರ ಹಾಕಿ ಕರ್ಕಂಡು ಹೋಗ್ರಿ. ಕಡೇ ದಿನ ಹೋಗ್ರಿ, ಅದಕ್ಕಿಂತ ಮುಂಚೆ ಬ್ಯಾಡ. ಮನುಗೆ ಊರೋರು ಒಬ್ಬರು ಸೂಚನೆ ಅಂತ ಸೈನ್ ಹಾಕ್ಬೇಕು ನೋಡು, ಅದನ್ನ ಯಾರೂ ಹಾಕಬಾರದು. ಅಷ್ಟೇ.”

“ಅದ್ಯಾಕೆ ಯಜಮಾನ್ರೆ?” ಎಂದ ಬೀರೇಶ್.

“ಊರಿನ ಕೈಗೆ ಓಟು ಕೊಟ್ರೆ ಏನಾಗ್ತದೆ ಅಂತ ಊರೇ ನೋಡ್ಲಿ. ಇನ್ನು ಇಪ್ಪತ್ತು ವರ್ಷ ಯಾರೂ ಈ ಮಾತು ಎತ್ತಬಾರದು.” ದೊಡ್ಡವೆಂಕಟಪ್ಪ ಎಲೆಗೆ ಸುಣ್ಣ ಹಚ್ಚಿದ. “ನಿನ್ನ ಕಂಪನಿಗೆ ಆಳು ಕಳಿಸೋನು ನಮ್ಮ ಅಳಿಯನೇ ಅಲ್ವಾ. ಪರ್ಮನೆಂಟ್ ಲಿಸ್ಟು ರೆಡಿ ಆಗ್ತಾ ಅದಂತೆ.”

ಅಮಾವಾಸ್ಯೆ ಕಳೆಯಲಿ, ಮಂಗಳವಾರ ಬೇಡ ಎಂದೆಲ್ಲ ಹೇಳಿ ಬೀರೇಶ್ ಕಡೆಯ ದಿನದವರೆಗೆ ತಳ್ಳಿದ. ತಮಿಳಿನ ಅರ್ಜಿಯನ್ನು ಅವನೇ ತುಂಬಿದ. ಭದ್ರಮ್ಮ ಓದಿದ್ದು ಕನ್ನಡ ಶಾಲೆಯಲ್ಲಿ ನಾಲ್ಕನೆಯ ಕ್ಲಾಸು. ತಮಿಳು ಮಾತಾಡುತ್ತಿದ್ದಳು, ಓದಲು ಬರುತ್ತಿರಲಿಲ್ಲ. ಅವನು ತೋರಿಸಿದ ಕಡೆ ಕನ್ನಡದಲ್ಲಿ ದುಂಡಗೆ ಹೆಸರು ಬರೆದಳು. ಕೆಳಗೆ ಒಂದು ಗೆರೆ ಖಾಲಿ ಇತ್ತು.

ಆ ದಿನ ಮಧ್ಯಾಹ್ನ ಎರಡು ಜೀಪು ತುಂಬ ಜನ ತಳಿಗೆ ಹೊರಟರು. ತಮಟೆ ಬಡಿಯಿತು. ಭದ್ರಮ್ಮನ ಕೊರಳಲ್ಲಿ ಅವಳೇ ಬೆಳಿಗ್ಗೆ ಬಿಡಿಸಿದ ಹೂವಿನ ಹಾರವಿತ್ತು. ಹುಡುಗರು ಫೋನ್ ಎತ್ತಿ ಹಿಡಿದಿದ್ದರು. ದಾರಿಯಲ್ಲಿ ಟೀ ಕುಡಿದರು, ದೇವಸ್ಥಾನದ ಮುಂದೆ ನಿಲ್ಲಿಸಿದರು. ಆಫೀಸು ತಲುಪುವಾಗ ನಾಲ್ಕೂವರೆ. ಐದಕ್ಕೆ ಬಾಗಿಲು ಹಾಕುತ್ತಾರೆ.

ಒಳಗಿದ್ದ ಅಧಿಕಾರಿ ಅರ್ಜಿ ನೋಡಿ, ಸೂಚಿಸುವವರ ಸಹಿ ಎಲ್ಲಮ್ಮ ಎಂದು ತಮಿಳಿನಲ್ಲಿ ಕೇಳಿದರು. ಭದ್ರಮ್ಮ ಕಾಗದ ಹಿಡಿದು ಹೊರಗೆ ಬಂದಳು.

“ಒಬ್ಬರು ಸೈನ್ ಹಾಕ್ಬೇಕಂತೆ, ಬರ್ರಪ್ಪ.”

ತಮಟೆ ನಿಂತಿತು. ಯಾರೂ ಮುಂದೆ ಬರಲಿಲ್ಲ. ಕೇಳಿಸಲಿಲ್ಲವೇನೋ ಅಂದುಕೊಂಡು ಆಕೆ ಹತ್ತಿರ ಹೋದಳು.

“ಮುನಿಕೃಷ್ಣಪ್ಪ, ನೀನು ಹಾಕಿದ್ಯಲ್ಲಪ್ಪ ನಂಗೆ ಓಟು. ಬಾ.”

ಮುನಿಕೃಷ್ಣಪ್ಪ ಕನ್ನಡಕ ಮನೆಯಲ್ಲಿದೆ ಅಂದ.

“ತಿಮ್ಮರಾಯಪ್ಪ? ನೀನೂ ಹಾಕಿದ್ದೆ.” ಅವನು ಜೀಪಿನ ಹಿಂದಕ್ಕೆ ಸರಿದ. “ಕುಮಾರೇಶ? ಮುರಳಿಕೃಷ್ಣ?”

ಆ ನೂರಾ ಹನ್ನೊಂದು ಹೆಸರೂ ಆಕೆಗೆ ಬಾಯಿಪಾಠವಾಗಿತ್ತು. ಬಂದವರಲ್ಲಿ ಯಾರು ಯಾರು ಹಾಕಿದ್ದರೋ ಅಷ್ಟೂ ಜನರನ್ನು ಹೆಸರು ಹಿಡಿದು ಕರೆದಳು. ಮೊದಲು ಒಬ್ಬ ಕಿಸಕ್ಕೆಂದ. ಆಮೇಲೆ ಎಲ್ಲರೂ ನಕ್ಕರು. ಆಕೆಯ ಮುಖಕ್ಕೆ ಹತ್ತಿರವಾಗಿ ಒಬ್ಬ ಫೋನು ಹಿಡಿದ.

ಕಡೆಗೆ ಬೀರೇಶನ ಮುಂದೆ ಬಂದು ನಿಂತಳು. ಪೆನ್ನು ಚಾಚಿದಳು. “ನೀನು ಹಾಕು ಮಗ. ಇವರು ಆಟ ಆಡ್ತಾವ್ರೆ, ಹೊತ್ತಾಗ್ತದೆ.”

ಬೀರೇಶ್ ಪೆನ್ನು ಮುಟ್ಟಲಿಲ್ಲ. “ನಂಗೆ ಶಿಫ್ಟ್ ಅದೆ ಅತ್ತೆ” ಎಂದು ಹೇಳಿ ಜೀಪು ಹತ್ತಿದ.

ಐದು ಗಂಟೆಗೆ ಜವಾನ ಬಾಗಿಲು ಎಳೆದುಕೊಂಡ. ಜೀಪುಗಳು ಹೋಗಿಬಿಟ್ಟಿದ್ದವು. ಭದ್ರಮ್ಮ ಹಾರ ತೆಗೆದು ಆಫೀಸಿನ ಮೆಟ್ಟಿಲ ಮೇಲಿಟ್ಟು, ಅಂಚೆಟ್ಟಿ ಕಡೆಗೆ ಹೋಗುವ ಬಸ್ಸಿಗೆ ಕಾದು, ಊರಿನ ಕ್ರಾಸಿನಲ್ಲಿ ಇಳಿದು ನಡೆದುಕೊಂಡು ಮನೆ ಸೇರಿದಳು. ಅಷ್ಟರಲ್ಲಿ ಆ ವಿಡಿಯೊ ಎಲ್ಲರ ಫೋನಿನಲ್ಲೂ ಇತ್ತು. ಸರಳಾ ಹೆದರಿ ನಾಮಪತ್ರ ಹಾಕಿರಲಿಲ್ಲ. ಕಲ್ಪನಾ ಅವಿರೋಧವಾಗಿ ಆಯ್ಕೆಯಾದಳು. “ಮುಂದಿನ ಸಲವೂ ಫೋನಲ್ಲಿ ಓಟು ಹಾಕಾನ?” ಎಂದು ದೊಡ್ಡವೆಂಕಟಪ್ಪ ಸಭೆಯಲ್ಲಿ ಕೇಳಿದಾಗ ಜನ ತಲೆ ತಗ್ಗಿಸಿ ನಕ್ಕರು.

ವಾರವಾದ ಮೇಲೆ ಬೀರೇಶ್ ಅತ್ತೆಯ ಮನೆಗೆ ಹೋದ. ಆಕೆ ಮುದ್ದೆ ಬಡಿಸಿದಳು. ಅವನು ಉಂಡು ಮುಗಿಸಿದ ಮೇಲೆ ಕೇಳಿದಳು.

“ನಗೋಕೆ ಅಂತ ಮಾಡಿದ್ಯಾ, ಇಲ್ಲ ಯಾರಾನ ಹೇಳಿದ್ರಾ?”

“ದೊಡ್ಡವೆಂಕಟಪ್ಪನೋರು ಹೇಳಿದ್ರು ಅತ್ತೆ. ಪರ್ಮನೆಂಟ್ ವಿಷ್ಯ ಇತ್ತು.” ಹಾಗೆಂದರೆ ತನ್ನ ತಪ್ಪು ಕಡಿಮೆಯಾಗುತ್ತದೆಂದು ಅವನು ತಿಳಿದಿದ್ದ.

“ನಗೋಕೆ ಅಂದಿದ್ರೆ ತಡ್ಕಂತಿದ್ದೆ” ಎಂದು ಆಕೆ ತಟ್ಟೆ ಎತ್ತಿಕೊಂಡಳು.

ಮಾರನೆಯ ದಿನ ಆಕೆ ಎಂದಿನಂತೆ ಸೇವಂತಿಗೆ ತೋಟಕ್ಕೆ ಹೋದಳು. ಬೇರೆ ಕೆಲಸವಿರಲಿಲ್ಲ. ಗ್ರಾಮಸಭೆಗೆ ಮಾತ್ರ ಮತ್ತೆ ಹೋಗಲಿಲ್ಲ.

ಎರಡು ತಿಂಗಳಿಗೆ ಬೀರೇಶನ ಕೆಲಸ ಪರ್ಮನೆಂಟ್ ಆಯಿತು. ಸ್ವೀಟ್ ಡಬ್ಬಿ ಹಿಡಿದು ಮೊದಲು ಅತ್ತೆಯ ಮನೆಗೇ ಬಂದ. ಭದ್ರಮ್ಮ ಎದ್ದು ನಿಂತು, ಸೆರಗು ಹೊದ್ದು, ಹೊರಗಿನವರಿಗೆ ಹಾಕುವ ಚಾಪೆ ಹಾಸಿದಳು.

“ಬನ್ನಿ ಬೀರೇಶಪ್ಪನೋರೆ” ಅಂದಳು. “ಕೂತ್ಕಳಿ.”

ಅವನಿಗೆ ತಮಾಷೆ ಅನ್ನಿಸಿತು. “ಯಾಕತ್ತೆ, ಹಂಗೆ ಕರೀತೀಯ?”

“ನೀರು ತರ್ಲಾ ನಿಮಗೆ?” ಅಂದಳು. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. ಅಂದಿನಿಂದ ಅವಳು ಅವನನ್ನು ಮತ್ತೆ ಏಕವಚನದಲ್ಲಿ ಮಾತಾಡಿಸಲಿಲ್ಲ.